ಇಷ್ಟು ಚಂದದ ಜಾಗದಲ್ಲಿ ಇದ್ದೂ ಚರ್ಚಿಗೆ ಯಾಕೆ ಹೋಗ್ತೀರಿ?

ನಮ್ಮದು ಮೂಡಿಗೆರೆ ಕಡೆ. ಸ್ವಲ್ಪ ರೋಬಸ್ಟಾ ಕಾಫಿ ತೋಟ, ತೋಟದ ನಡುವೆ ಮನೆ. ಮನೆಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ್ದೇವೆ. ಶನಿವಾರ ಬಂದ ಅತಿಥಿಗಳು ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಹಿಡಿದು ಕೂತಿರುತ್ತಾರೆ. ಅದೇ ಹೊತ್ತಿಗೆ ನಾವು ಬಟ್ಟೆ ಬದಲಾಯಿಸಿ ಪೂಜೆಗೆ ಹೊರಡುತ್ತೇವೆ. ಚರ್ಚಿನ ಬಲಿಪೂಜೆಯನ್ನು ನಾವು ಪೂಜೆ ಅಂತಲೇ ಹೇಳುವುದು. ಆಗ ಆ ಪ್ರಶ್ನೆ ಬರುತ್ತದೆ. ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ.

"ಸುತ್ತ ಇಷ್ಟು ಬೆಟ್ಟ, ಇಷ್ಟು ಹಸಿರು. ದೇವರು ಇಲ್ಲೇ ಇದ್ದಾನಲ್ಲ. ನಾಲ್ಕು ಗೋಡೆ ಮಧ್ಯೆ ಹೋಗಿ ಮೊಣಕಾಲೂರೋದು ಯಾಕೆ?"

ಕೇಳುವವರು ಕುಹಕಕ್ಕೆ ಕೇಳುವುದಿಲ್ಲ. ಮಂಜು ಸರಿದು ಎದುರಿನ ಗುಡ್ಡ ಕಂಡಾಗ ಅವರ ಒಳಗೆ ಏನೋ ಆಗಿರುತ್ತದೆ. ಮಾತು ನಿಂತಿರುತ್ತದೆ. ಅದಕ್ಕೇ ಕೇಳುತ್ತಾರೆ. ಜೀಪು ಹತ್ತುವ ಗಡಿಬಿಡಿಯಲ್ಲಿ ನಾನು ಏನೋ ಒಂದು ಹೇಳಿ ಹೋಗಿಬಿಡುತ್ತೇನೆ. ಸರಿಯಾದ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಫಿ ಹೂವಿನ ವಿಷಯ ಹೇಳಬೇಕು.

ಕೊಯ್ಲು ಮುಗಿದ ಮೇಲೆ ತೋಟ ಒಣಗಿ ನಿಲ್ಲುತ್ತದೆ. ಎಲೆ ಜೋತು ಬಿದ್ದಿರುತ್ತದೆ. ಆದರೆ ರೆಂಬೆಯ ಗಿಣ್ಣು ಗಿಣ್ಣಿನಲ್ಲೂ ಮೊಗ್ಗು ಬಂದಿರುತ್ತದೆ. ಬೆರಳಲ್ಲಿ ಮುಟ್ಟಿದರೆ ಗಟ್ಟಿ, ಒರಟು. ಆ ಮೊಗ್ಗು ಹಾಗೆಯೇ ವಾರಗಟ್ಟಲೆ ಕಾಯುತ್ತದೆ. ಹೂ ಮಳೆ ಬೇಕು ಅದಕ್ಕೆ. ಒಂದು ಇಂಚು ಬಂದರೆ ನೆಮ್ಮದಿ. ಹನಿದು ಹೋಗುವ ಮಳೆ ಬಂದರೆ ಬಾರದೇ ಇರುವುದಕ್ಕಿಂತ ಕಷ್ಟ, ಮೊಗ್ಗು ಅರ್ಧಕ್ಕೇ ಕೆಡುತ್ತದೆ. ಒಳ್ಳೆ ಮಳೆ ಬಿದ್ದರೆ ಎಂಟು ಒಂಬತ್ತು ದಿನಕ್ಕೆ ಒಂದು ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಗೊತ್ತಾಗುತ್ತದೆ. ಮಲ್ಲಿಗೆಯಂಥ ವಾಸನೆ ಒಳಗೆ ಬಂದಿರುತ್ತದೆ. ಹೊರಗೆ ಹೋದರೆ ಇಡೀ ತೋಟ ಬೆಳ್ಳಗೆ. ರೆಂಬೆಗೆ ಹತ್ತಿ ಸುತ್ತಿದ ಹಾಗೆ.

ಆಮೇಲೆ ಜೇನು. ರೋಬಸ್ಟಾ ಹೂವಿಗೆ ತನ್ನದೇ ಗಿಡದ ಪರಾಗ ಹಿಡಿಯುವುದಿಲ್ಲ, ಬೇರೆ ಗಿಡದ್ದೇ ಬೇಕು. ಗಾಳಿ ತರಬೇಕು, ಇಲ್ಲವೇ ಜೇನು ತರಬೇಕು. ಬಿಸಿಲೇರುವ ಹೊತ್ತಿಗೆ ತುಡುವೆಯೂ ಹೆಜ್ಜೇನೂ ಸೇರಿ ತೋಟವೇ ಗುಂಯ್ ಅನ್ನುತ್ತದೆ. ಆ ದಿನ ನಮ್ಮ ಮನೆಯಲ್ಲಿ ಯಾರೂ ಗಿಡದ ಸಾಲಿಗೆ ಇಳಿಯುವುದಿಲ್ಲ. ರಸ್ತೆಯಲ್ಲೇ ನಿಂತು ನೋಡುತ್ತೇವೆ. ಎರಡು ಮೂರು ದಿನಕ್ಕೆ ಹೂವೆಲ್ಲ ಕಂದು ಬಣ್ಣಕ್ಕೆ ತಿರುಗಿ ಮುಗಿಯುತ್ತದೆ. ಮತ್ತೆ ಬ್ಯಾಕಿಂಗ್ ಮಳೆಯ, ಅಂದರೆ ಹೂ ಕಾಯಿ ಕಟ್ಟಲು ಬೇಕಾದ ಎರಡನೇ ಮಳೆಯ ಕಾಯುವಿಕೆ.

ಇದರಲ್ಲಿ ನಾನು ಮಾಡಿದ್ದೇನು? ಚಿಗುರು ತೆಗೆಸಿದೆ, ಗೊಬ್ಬರ ಹಾಕಿಸಿದೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಇದೆ ಅನ್ನಬಹುದು. ಸ್ಪ್ರಿಂಕ್ಲರಿಗೆ ನೀರು ಕೆರೆಯಿಂದ, ಕೆರೆಗೆ ನೀರು ಮಳೆಯಿಂದ ತಾನೇ. ಜೇನನ್ನಂತೂ ನಾನು ಕೂಲಿಗೆ ಕರೆದಿಲ್ಲ.

ಆದರೂ ಅತಿಥಿಗಳು "ಎಷ್ಟು ಚಂದ ಇದೆ ನಿಮ್ಮ ತೋಟ!" ಅಂದ ಕೂಡಲೇ ನನ್ನ ಬಾಯಲ್ಲಿ "ಥ್ಯಾಂಕ್ಸ್" ಬಂದುಬಿಡುತ್ತದೆ. ನಾನೇ ಮಾಡಿಟ್ಟ ಹಾಗೆ. ಚಂದ ಎದುರಿಗಿದ್ದರೆ ಮನುಷ್ಯ ತಾನಾಗಿ ತಲೆ ತಗ್ಗಿಸುತ್ತಾನೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಅನುಭವ ಹಾಗಿಲ್ಲ. ದಿನಾ ನೋಡುವವನಿಗೆ ಅದು ನನ್ನದು ಅನ್ನಿಸಲು ಶುರುವಾಗುತ್ತದೆ. ಒಂದು ದಿನ ನೋಡಲು ಬಂದವರಿಗೂ ಹಾಗೇ ಆಗಬಹುದು. 2022ರಲ್ಲಿ ಚಂದ್ರದ್ರೋಣ ಬೆಟ್ಟದ ಸಾಲಿನಲ್ಲಿ ನೀಲಕುರಿಂಜಿ ಅರಳಿದಾಗ ನಾನೂ ಹೋಗಿದ್ದೆ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಹೂ. ಅದರ ಎದುರು ನಿಂತು ಬಾಯಿ ಕಟ್ಟಿದವರೂ ಇದ್ದರು. ಗೊಂಚಲು ಕಿತ್ತು ಕಾರಿನ ಮುಂದೆ ಇಟ್ಟುಕೊಂಡವರೂ ಇದ್ದರು. ಇಬ್ಬರೂ ನೋಡಿದ್ದು ಒಂದೇ ಹೂವನ್ನು.

ನಾವು ಮನೆಯಲ್ಲಿ ಕೊಂಕಣಿ ಮಾತಾಡುವ ಕ್ಯಾಥೋಲಿಕರು. ಅಜ್ಜ ಮಂಗಳೂರು ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಬಂದವರು. ನಮ್ಮ ಮಾತಿನಲ್ಲಿ ಥ್ಯಾಂಕ್ಸ್ ಹೇಳುವುದಕ್ಕೆ "ದೇವ್ ಬರೆಂ ಕರುಂ" ಅನ್ನುತ್ತೇವೆ. ದೇವರು ಒಳ್ಳೆಯದು ಮಾಡಲಿ ಅಂತ ಅರ್ಥ. ಚಿಕ್ಕಂದಿನಿಂದ ಹೇಳಿದ್ದೇನೆ, ಒಳಗೆ ಇಳಿದಿರಲಿಲ್ಲ. ಇಳಿದಿದ್ದು ಅಪ್ಪನ ಮಳೆ ಪುಸ್ತಕ ನೋಡಿದ ಮೇಲೆ.

ತೋಟ ಇದ್ದವರ ಮನೆಯಲ್ಲಿ ಮಳೆ ಲೆಕ್ಕ ಬರೆಯುವುದು ರೂಢಿ. ಅಪ್ಪ ಉದ್ದನೆಯ ಲೆಡ್ಜರ್ ಪುಸ್ತಕದಲ್ಲಿ ನೀಲಿ ಶಾಯಿಯಲ್ಲಿ ಬರೆಯುತ್ತಿದ್ದರು. ತಾರೀಕು, ಎದುರಿಗೆ ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು). ಅವರು ಹೋದ ಮೇಲೆ ಒಂದು ಸಂಜೆ ಸುಮ್ನೆ ತಿರುವಿ ಹಾಕುತ್ತಿದ್ದೆ. ಪ್ರತಿ ವರ್ಷ ಹೂ ಮಳೆಯ ಅಂಕಿಯ ಪಕ್ಕ, ಸಣ್ಣ ಅಕ್ಷರದಲ್ಲಿ, "ದೇವ್ ಬರೆಂ ಕರುಂ". ಬೇರೆ ಯಾವ ಮಾತೂ ಇಲ್ಲ. ಆ ಮಳೆ ಯಾರದ್ದು ಅಂತ ಅವರಿಗೆ ಗೊತ್ತಿತ್ತು.

ಬೆರಗು ಹುಟ್ಟಿದರೆ ಅದು ಯಾರಿಗಾದರೂ ಹೋಗಿ ಮುಟ್ಟಬೇಕು. ಬೆಟ್ಟಕ್ಕೆ ಥ್ಯಾಂಕ್ಸ್ ಹೇಳಿದರೆ ಬೆಟ್ಟಕ್ಕೆ ಕೇಳುವುದಿಲ್ಲ. ನಮ್ಮ ನಂಬಿಕೆಯಲ್ಲಿ ಬೆಟ್ಟ ದೇವರಲ್ಲ, ದೇವರ ಕೈಕೆಲಸ. ಬೈಬಲ್ಲಿನ ಕೀರ್ತನೆಗಳಲ್ಲಿ ಎಂಟನೆಯದು ಇದನ್ನೇ ಹೇಳುತ್ತದೆ. ಚಂದ್ರನನ್ನೂ ನಕ್ಷತ್ರಗಳನ್ನೂ ನೋಡಿದವನು ಅವನ್ನು ಹೊಗಳಿ ಸುಮ್ಮನಾಗುವುದಿಲ್ಲ. ಅವನ್ನು ಮಾಡಿದವನ ಕಡೆ ತಿರುಗಿ, ನಾನು ಎಷ್ಟರವನು, ನೀನು ನನ್ನನ್ನು ಯಾಕೆ ನೆನಪಿಟ್ಟುಕೊಂಡಿದ್ದೀಯ ಅಂತ ಕೇಳುತ್ತಾನೆ. ನನಗೆ ಆರಾಧನೆ ಅಂದರೆ ಆ ತಿರುಗುವುದೇ. ದೀಪಾವಳಿಗೆ ಬರಿಗಾಲಲ್ಲಿ ದೇವೀರಮ್ಮನ ಬೆಟ್ಟ ಹತ್ತುವ ನನ್ನ ಪಕ್ಕದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಂಬಿಕೆ ಬೇರೆ, ದಾರಿ ಬೇರೆ. ಆದರೆ ನೋಡಿ ಬರುವುದಕ್ಕೂ ಕೈಮುಗಿದು ಬರುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತು.

ಸರಿ, ಕೈ ಮುಗಿಯುವುದನ್ನು ತೋಟದಲ್ಲೇ ಮಾಡಬಹುದಲ್ವಾ? ಮಾಡುತ್ತೇನೆ. ಆದರೆ ತೋಟದಲ್ಲಿ ನಾನು ಒಬ್ಬನೇ, ಅಲ್ಲಿ ನಾನೇ ಯಜಮಾನ.

ಒಂದು ಶನಿವಾರ ಬಟವಾಡೆ ಮಾಡುವಾಗ ಕೆಲಸಕ್ಕೆ ಬರುವ ಒಬ್ಬ ಹೆಂಗಸಿನ ಮೇಲೆ ರೇಗಿದೆ. ತಡವಾಗಿ ಬಂದಿದ್ದಾರೆ ಅಂತ ಅರ್ಧ ದಿನದ ಕೂಲಿ ಹಿಡಿದೆ. ಅವರ ಮಗುವಿಗೆ ಜ್ವರ ಇತ್ತು. ಹೇಳಲು ಬಾಯಿ ತೆರೆದರು, ನಾನು ಕೇಳಲಿಲ್ಲ. ಮರುದಿನ ಚರ್ಚಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಅವರೇ, ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು. ಗುರುಗಳು ರೊಟ್ಟಿ ಎತ್ತಿ, ಇದು ಭೂಮಿ ಕೊಟ್ಟದ್ದು, ಮನುಷ್ಯರ ಕೈ ದುಡಿದದ್ದು ಅನ್ನುವ ಅರ್ಥದ ಪ್ರಾರ್ಥನೆ ಹೇಳಿದರು. ಪ್ರತಿ ವಾರ ಕೇಳುವ ಮಾತು. ಅವತ್ತು ಕಣ್ಣು ಅವರ ಕೈ ಮೇಲೆ ಹೋಯಿತು. ಕಾಫಿ ಕೊಯ್ದ ಕಲೆ ಉಗುರಿನ ಸುತ್ತ ಕಪ್ಪಗೆ ಹಿಡಿದಿತ್ತು. ಸ್ವಲ್ಪ ಹೊತ್ತಿಗೆ ಪಕ್ಕದವರಿಗೆ ಶಾಂತಿ ಹೇಳುವ ಹೊತ್ತು ಬಂತು. ಅವರು ನನ್ನ ಕಡೆ ತಿರುಗಿ ಕೈ ಮುಗಿದು "ಶಾಂತಿ" ಅಂದರು. ನನಗೆ ದನಿ ಹೊರಡಲಿಲ್ಲ. ಸೋಮವಾರ ಕೂಲಿ ವಾಪಸ್ ಕೊಟ್ಟು ತಪ್ಪಾಯ್ತು ಅಂದೆ. ಬೆಟ್ಟದ ಮಂಜು ಯಾವತ್ತೂ ನನ್ನಿಂದ ಆ ಕೆಲಸ ಮಾಡಿಸಿರಲಿಲ್ಲ.

ಬೂದಿ ಬುಧವಾರವೂ ಹಾಗೇ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟ ಬೂದಿಯನ್ನು ಹಣೆಗೆ ಹಚ್ಚುತ್ತಾರೆ. ನೀನು ಮಣ್ಣು, ಮಣ್ಣಿಗೇ ಸೇರುತ್ತೀ ಅನ್ನುತ್ತಾರೆ. ಆದಾಮ ಅನ್ನುವ ಹೆಸರಿಗೂ ಹೀಬ್ರೂವಿನಲ್ಲಿ ಮಣ್ಣಿಗಿರುವ ಅದಾಮಾ ಅನ್ನುವ ಪದಕ್ಕೂ ನಂಟಿದೆ. ಅವತ್ತು ಶುರುವಾಗುವ ತಪಸ್ಸು ಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ನಮ್ಮ ಕಡೆ ಬರುವುದು ಹೂ ಮಳೆಗೆ ಕಾಯುವ ದಿನಗಳಲ್ಲೇ. ಸಾಲಿನಲ್ಲಿ ನಿಂತ ತೋಟದವರು, ಕೂಲಿಯವರು ಎಲ್ಲರ ಹಣೆ ಮೇಲೂ ಒಂದೇ ಬೂದಿ. ಹೊರಗೆ ಬಂದರೆ ಎಲ್ಲರೂ ನೋಡುವುದು ಒಂದೇ ಆಕಾಶ.

ಇನ್ನೊಂದು ಮಾತು ಇದೆ, ಅದನ್ನು ಅತಿಥಿಗಳು ಕೇಳುವುದಿಲ್ಲ. ಅವರು ಮಳೆಗಾಲದ ನಡುವೆ ಇಲ್ಲಿ ಇರುವುದಿಲ್ಲ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆಗಳು ಹೋದವು, ತೋಟಗಳು ಹೋದವು. ನಾವು ಜಗಲಿಯಿಂದ ನೋಡಿ ಆಹಾ ಅನ್ನುವ ಗುಡ್ಡಗಳೇ ಅವು. ಬರೀ ಚಂದವೇ ನನ್ನ ದೇವರಾಗಿದ್ದರೆ ಆ ವಾರ ನಾನು ಯಾರ ಹತ್ತಿರ ಹೋಗಬೇಕಿತ್ತು? ಅಪ್ಪ ಆಗ ಇನ್ನೂ ಇದ್ದರು. ಮಳೆ ಪುಸ್ತಕದ ಆ ಪುಟದಲ್ಲಿ ಅಂಕಿ ಮಾತ್ರ ಇದೆ.

ಬೈಬಲ್ಲಿನ ಯೋಬ ಎಲ್ಲ ಕಳೆದುಕೊಂಡವನು. ಯಾಕೆ ಅಂತ ಕೇಳಿದ. ದೇವರು ಕಾರಣ ಹೇಳಲಿಲ್ಲ, ತಿರುಗಿ ಪ್ರಶ್ನೆ ಕೇಳಿದ. ಭೂಮಿಗೆ ಅಸ್ತಿವಾರ ಹಾಕುವಾಗ ನೀನು ಎಲ್ಲಿದ್ದೆ? ಮಳೆಗೆ ತಂದೆ ಇದ್ದಾನೋ? ಕಾಡುಮೇಕೆ ಯಾವಾಗ ಮರಿ ಹಾಕುತ್ತದೆ ಗೊತ್ತೋ? ಯೋಬ ಬಾಯಿಯ ಮೇಲೆ ಕೈ ಇಟ್ಟುಕೊಂಡ. ಚಿಕ್ಕವನಿದ್ದಾಗ ಇದು ನನಗೆ ಗದರಿಕೆಯ ಹಾಗೆ ಕೇಳುತ್ತಿತ್ತು. ಈಗ ಹಾಗೆ ಕೇಳುವುದಿಲ್ಲ. ಅಷ್ಟು ದೊಡ್ಡವನು ಬೂದಿಯಲ್ಲಿ ಕೂತ ಒಬ್ಬನ ಹತ್ತಿರ ಬಂದು, ಇಷ್ಟು ಹೊತ್ತು ಮಾತಾಡಿದನಲ್ಲ ಅನ್ನಿಸುತ್ತದೆ. ಇಟಲಿಯ ಸಂತ ಅಸ್ಸಿಸಿಯ ಫ್ರಾನ್ಸಿಸ್ ಸೂರ್ಯನನ್ನು ಅಣ್ಣ ಅಂತ, ನೀರನ್ನು ತಂಗಿ ಅಂತ ಕರೆದು ದೇವರನ್ನು ಹೊಗಳಿದ್ದು 1225ರ ಸುಮಾರಿಗೆ. ಆಗ ಅವರು ಕಾಯಿಲೆ ಬಿದ್ದಿದ್ದರು, ಕಣ್ಣು ಹೆಚ್ಚುಕಮ್ಮಿ ಹೋಗಿತ್ತು. ಸೂರ್ಯನನ್ನು ನೋಡಲಾಗದವರು ಸೂರ್ಯನಿಗಾಗಿ ಥ್ಯಾಂಕ್ಸ್ ಹೇಳಿದರು.

ಆ ಆಗಸ್ಟ್‌ನಲ್ಲಿ, ರಸ್ತೆ ಬಿಟ್ಟ ಮೊದಲ ಭಾನುವಾರ, ಅಪ್ಪ ಪೂಜೆಗೆ ಹೊರಟರು. ಛತ್ರಿ ಹಿಡಿದು ನಾನೂ ಹೋದೆ. ಮನೆ ಕಳೆದುಕೊಂಡವರು ಹಿಂದಿನ ಬೆಂಚಿನಲ್ಲಿ ಯಾರೋ ಕೊಟ್ಟ ಬಟ್ಟೆಯಲ್ಲಿ ಕೂತಿದ್ದರು. ಅಪ್ಪ ಯಾವಾಗಲೂ ಕೂರುವ ಮುಂದಿನ ಬೆಂಚಿಗೆ ಹೋಗಲಿಲ್ಲ. ಅವರ ಪಕ್ಕ ಕೂತರು. ಹಾಡು ಶುರುವಾದಾಗ ಅವರೂ ಹಾಡಲಿಲ್ಲ, ಅಪ್ಪನೂ ಹಾಡಲಿಲ್ಲ. ಮೊಣಕಾಲೂರುವ ಹೊತ್ತು ಬಂದಾಗ ಅವರೂ ಅಪ್ಪನೂ ಊರಿದರು.