ಹಲಸಿನ ಮೇಣ ನೀರಿಗೆ ಯಾಕೆ ಬಗ್ಗಲ್ಲ?

ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕು ಅನ್ನೋದು ನಮ್ಮ ಮಲೆನಾಡು, ಕರಾವಳಿ ಕಡೆ ಮಕ್ಕಳಿಗೂ ಗೊತ್ತು. ಯಾಕೆ ಎಣ್ಣೆಯೇ ಬೇಕು ಅಂತ ಕೇಳಿದರೆ, ಎಣ್ಣೆಗೂ ನೀರಿಗೂ ಆಗಿಬರಲ್ಲ, ಅದಕ್ಕೆ ಅಂತಾರೆ. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಜಗಳವೇ ಇಲ್ಲ.

ನೀರಿನ ಅಣುವಿನಲ್ಲಿ ಆಮ್ಲಜನಕದ ಕಡೆ ಸ್ವಲ್ಪ ಋಣ ವಿದ್ಯುದಂಶ, ಜಲಜನಕದ ಕಡೆ ಸ್ವಲ್ಪ ಧನ. ಹಾಗಾಗಿ ಒಂದರ ಜಲಜನಕವನ್ನು ಪಕ್ಕದ್ದರ ಆಮ್ಲಜನಕ ಎಳೆದುಕೊಳ್ಳುತ್ತದೆ. ಇದೇ ಹೈಡ್ರೋಜನ್ ಬಂಧ. ಸಕ್ಕರೆಯ ಅಣುವಿಗೆ ಇಂಥ ಬಂಧಕ್ಕೆ ಒದಗುವ ಎಂಟು ಓಎಚ್ ಗುಂಪುಗಳಿವೆ (ಓಎಚ್ ಅಂದರೆ ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿ), ಅದಕ್ಕೇ 100 ಗ್ರಾಂ ತಣ್ಣೀರಿನಲ್ಲೂ ಸುಮಾರು 200 ಗ್ರಾಂ ಸಕ್ಕರೆ ಕರಗಿಬಿಡುತ್ತದೆ. ಅದೇ ಸಕ್ಕರೆಯನ್ನು ಎಣ್ಣೆಗೆ ಹಾಕಿ ಎಷ್ಟು ಕಲಕಿದರೂ ತಳದಲ್ಲೇ ಕೂತಿರುತ್ತದೆ.

ಮೇಣದ ಕಥೆ ಬೇರೆ. ಕಾಯಿಗೆ ಕತ್ತಿ ತಾಗಿದಾಗ ಅದು ಬೆಳ್ಳಗೆ ಹಾಲಿನ ಹಾಗೆ ಸುರಿಯುತ್ತದೆ, ಆಗ ರಬ್ಬರು, ರಾಳದಂಥ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ ಅಷ್ಟೆ. ಆರುತ್ತಾ ಬಂದಂತೆ ಕಣಗಳು ಒಂದಕ್ಕೊಂದು ಅಂಟಿಕೊಂಡು, ಬೆರಳು ಬಿಡಿಸಿದರೆ ದಾರದ ಹಾಗೆ ಎಳೆ ಬರುತ್ತದೆ. ರಬ್ಬರಿನ ಉದ್ದನೆಯ ಸರಪಳಿಯಲ್ಲಿ ಇರುವುದು ಬರೀ ಇಂಗಾಲ, ಜಲಜನಕ. ನೀರು ಹಿಡಿದುಕೊಳ್ಳೋಕೆ ಅಲ್ಲಿ ಏನೂ ಇಲ್ಲ.

ಹಾಗಂತ ಸೆಳೆತವೇ ಇಲ್ಲ ಅಂತಲ್ಲ. ಎಲ್ಲ ಅಣುಗಳ ನಡುವೆಯೂ ಒಂದು ದುರ್ಬಲ ಸೆಳೆತ ಇದ್ದೇ ಇರುತ್ತದೆ, 1930ರಲ್ಲಿ ಅದನ್ನು ವಿವರಿಸಿದ ಭೌತವಿಜ್ಞಾನಿ ಫ್ರಿಟ್ಜ್ ಲಂಡನ್ ಹೆಸರೇ ಅದಕ್ಕಿದೆ. ಶುದ್ಧ ನೀರಿನ ಮೇಲೆ ಚೂರೇ ಚೂರು ಎಣ್ಣೆ ಬಿಟ್ಟು ನೋಡಿ, ಮುದುಡಿ ಕೂರುವ ಬದಲು ಹರಡಿಕೊಳ್ಳುತ್ತದೆ, ಅಲ್ವಾ? ದ್ವೇಷ ಇದ್ದಿದ್ದರೆ ಹೀಗಾಗುತ್ತಿತ್ತಾ? ವಿಷಯ ಏನೆಂದರೆ ನೀರಿಗೆ ನೀರಿನ ಮೇಲಿನ ಸೆಳೆತವೇ ಜಾಸ್ತಿ. ನಡುವೆ ಎಣ್ಣೆ ಬಂದರೆ ತಮ್ಮ ಬಂಧ ಉಳಿಸಿಕೊಳ್ಳಲು ಸುತ್ತಲಿನ ನೀರಿನ ಅಣುಗಳು ಕಟ್ಟುನಿಟ್ಟಾಗಿ ಜೋಡಿಸಿಕೊಳ್ಳಬೇಕಾಗುತ್ತದೆ, ಅವುಗಳ ಓಡಾಟ ಕಡಿಮೆಯಾಗುತ್ತದೆ. ಎಣ್ಣೆ ಎಲ್ಲಾ ಒಂದು ಕಡೆ ಸೇರಿದರೆ ಆ ಕಟ್ಟುಪಾಡು ತಗ್ಗುತ್ತದೆ.

ಎಣ್ಣೆಯ ಅಣುಗಳ ಉದ್ದನೆಯ ಬಾಲಗಳಿಗೂ ಮೇಣದ ಸರಪಳಿಗಳಿಗೂ ಇರುವುದು ಇದೇ ಲಂಡನ್ ಸೆಳೆತ, ಹಾಗಾಗಿ ಎಣ್ಣೆ ಮೇಣದೊಳಗೆ ನುಸುಳಿ ಅದನ್ನು ಮೆತ್ತಗೆ ಮಾಡುತ್ತದೆ. ಒಗ್ಗರಣೆಯಲ್ಲಿ ಅರಿಶಿನ ಬಣ್ಣ ಬಿಡುವುದೂ ಇದೇ ರೀತಿ.

ಆದ್ದರಿಂದ ಕೈಗೆ ಮೇಣ ಹತ್ತಿದ್ದರೆ ನೇರ ನಲ್ಲಿಗೆ ಓಡಬೇಡಿ. ಮೊದಲು ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ. ಸೋಪು, ನೀರು ಆಮೇಲೆ.