ಕೆಂಡ ಆಗೋವರೆಗೂ ಕಾಯ್ರೋ

12 ಜನವರಿ 2025, ಭಾನುವಾರ ರಾತ್ರಿ
ಸೋಮವಾರಪೇಟೆ

ನಿನ್ನೆ ಹಾಕಿದ್ದ ಸ್ವೆಟರು ಇನ್ನೂ ಹೊಗೆ ವಾಸನೆ ಬರ್ತಿದೆ, ಒಗೆಯೋಕೆ ಹಾಕು ಅಂತ ಅಮ್ಮ ಎರಡ್ಸಲ ಹೇಳಿದ್ರು, ನಾನು ಹಾಕಿಲ್ಲ. ಇದನ್ನ ಬರೆದು ಮುಗಿಸೋವರೆಗಾದ್ರೂ ಇರ್ಲಿ ಅಂತ.

ಮಡಿಕೇರೀಲಿ ಒಟ್ಟಿಗೆ ಓದಿದ ನಾವು ನಾಲ್ಕು ಜನ ಒಂದು ಇಡೀ ರಾತ್ರಿ ಒಟ್ಟಿಗೆ ಕೂತು ಆರು ವರ್ಷದ ಮೇಲಾಗಿತ್ತು. ಒಬ್ಬ ಶಾಂತಳ್ಳಿ ಕಡೆ ಅಪ್ಪನ ತೋಟ ನೋಡ್ಕೊಂಡಿದ್ದಾನೆ, ಸ್ಕೂಲಿಂದ್ಲೂ ಅವನು ನಮಗೆ ಸಾವ್ಕಾರ. ಇನ್ನೊಬ್ಬ ಕುಶಾಲನಗರದಲ್ಲಿ ಮೇಷ್ಟ್ರು. ಪುಟ್ಟಿ ಬೆಂಗಳೂರಲ್ಲಿ ನರ್ಸು. ಸಾವ್ಕಾರನ ಅರೇಬಿಕಾ ಕಾಫಿ ಕೊಯ್ಲು ಮುಗೀತಾ ಬಂದಿದೆ, ರೋಬಸ್ಟಾ ಶುರುವಾದ್ರೆ ಮತ್ತೆ ಅವನಿಗೆ ಉಸಿರಾಡೋಕೂ ಟೈಮಿಲ್ಲ, ಬಂದ್ರೆ ಈ ಶನಿವಾರಾನೇ ಬನ್ನಿ ಅಂದ, ಪುಟ್ಟಿ ಸಂಕ್ರಾಂತಿಗೆ ಅಂತ ರಜಾ ಹಾಕಿದ್ಲು, ಮೇಷ್ಟ್ರು ಬೈಕ್ ತಗೊಂಡು ಬಂದೇಬಿಟ್ಟ.

ಬೆಂಕಿ ಹಾಕಿ ಮಾರ್ಷ್‌ಮ್ಯಾಲೋ ಅನ್ನೋ ಮೆತ್ತನೆ ಸಕ್ಕರೆ ಮಿಠಾಯಿ ಸುಟ್ಟು ತಿನ್ನೋ ಐಡಿಯಾ ಪುಟ್ಟೀದು. ಬೆಂಗಳೂರಿಂದ ಎರಡು ಪ್ಯಾಕೆಟ್ ತಂದಿದ್ಲು. ಸಾವ್ಕಾರನ ಮನೇಲಿ ಮೊಟ್ಟೆನೂ ಒಳಗೆ ಬರಲ್ಲ, ಈ ಮಾರ್ಷ್‌ಮ್ಯಾಲೋಗೆ ಸಾಮಾನ್ಯವಾಗಿ ಹಾಕೋದು ಜೆಲಟಿನ್, ಅದು ಪ್ರಾಣಿಗಳ ಚರ್ಮ ಮೂಳೆಯಿಂದ ಬರೋದು, ಅಂಥ ಪ್ಯಾಕೆಟ್ ಮೇಲೆ ಕಂದು ಬಣ್ಣದ ತ್ರಿಕೋನ ಇರುತ್ತೆ. ನನಗೆ ಅದೇ ಯೋಚನೆ ಆಗಿತ್ತು, ಅಡುಗೆಮನೇಲಿ ಅವಳ ಬ್ಯಾಗಿಂದ ಪ್ಯಾಕೆಟ್ ತೆಗೆದು ಮೊದ್ಲು ಅದನ್ನೇ ನೋಡಿದೆ. ಹಸಿರು ಚುಕ್ಕೆ. ಎರಡರ ಮೇಲೂ. "ಮೂರು ಅಂಗಡಿ ಸುತ್ತಿದೀನಿ ಕಣೇ ಇದಕ್ಕೆ" ಅಂದ್ಲು. ಅವಳನ್ನ ಅಲ್ಲೇ ತಬ್ಬಿಕೊಂಡೆ. ಒಬ್ಬರನ್ನ ಪಕ್ಕಕ್ಕೆ ಕೂರಿಸಿ ಉಳಿದವರು ತಿನ್ನೋ ಬೆಂಕಿ ಸುತ್ತ ಕೂರೋಕೆ ನನಗೆ ಮನಸ್ಸೇ ಬರಲ್ಲ.

ಬೆಂಕಿ ಎಲ್ಲಿ ಹಾಕೋದು ಅನ್ನೋದಕ್ಕೇ ಅರ್ಧ ಗಂಟೆ ಹೋಯ್ತು. ಕಣದ ಪಕ್ಕ ಸಪಾಟಾಗಿದೆ, ಅಲ್ಲೇ ಹಾಕೋಣ ಅಂದೆ ನಾನು. ಸಾವ್ಕಾರ ಸುತಾರಾಂ ಒಪ್ಪಲಿಲ್ಲ, ಕಣದಲ್ಲಿ ಕಾಫಿ ಒಣಗ್ತಾ ಇದೆ, ಕಾಫಿ ಯಾವ ವಾಸನೆ ಬೇಕಾದ್ರೂ ಎಳ್ಕೊಳ್ಳುತ್ತೆ, ಹೊಗೆ ಹಿಡಿದ್ರೆ ಕಪ್ಪಲ್ಲಿ ಗೊತ್ತಾಗುತ್ತೆ, ವರ್ಷದ ಬೆಳೆ ಅದು ಅಂದ. ತೋಟದೊಳಗಂತೂ ಆಗೋದೇ ಇಲ್ಲ, ಸಿಲ್ವರ್ ಓಕ್ ಎಲೆ ಒಣಗಿ ಮೊಣಕಾಲುದ್ದ ಬಿದ್ದಿದೆ, ಒಂದು ಕಿಡಿ ಸಾಕು. ಕೊನೆಗೆ ಭತ್ತ ಕೊಯ್ದು ಖಾಲಿ ಆಗಿದ್ದ ಗದ್ದೆ ನಡುವೆ. ಸುತ್ತ ಎರಡಾಳು ಅಗಲ ಕೂಳೆ ಎಲ್ಲಾ ಗುದ್ದಲೀಲಿ ಕೆರೆದು ಮಣ್ಣು ಕಾಣೋ ಹಾಗೆ ಮಾಡಿದ್ವಿ, ಎರಡು ಬಿಂದಿಗೆ ನೀರು, ಜೊತೆಗೆ ಬೆನ್ನಿಗೆ ಹಾಕ್ಕೊಳ್ಳೋ ಸ್ಪ್ರೇ ಕ್ಯಾನ್ ತುಂಬ ನೀರು. ಈ ಕಡೆ ಆನೆ ಓಡಾಟ ಇದ್ಯಾ ಅಂತ ಅವರೂರಿನ ವಾಟ್ಸಾಪ್ ಗ್ರೂಪಲ್ಲೂ ಕೇಳಿ ನೋಡಿದ. ಇರ್ಲಿಲ್ಲ.

ಸೌದೆ ಹಳೇ ರೋಬಸ್ಟಾ ಗಿಡದ್ದು, ಕಿತ್ತು ಒಣಗಿಸಿ ಇಟ್ಟಿದ್ದ ಬುಡಗಳು. ಸಿಲ್ವರ್ ಓಕ್ ಬೇಗ ಹತ್ತುತ್ತೆ ಬೇಗ ಬೂದಿ ಆಗುತ್ತೆ, ಕಾಫಿ ಕಟ್ಟಿಗೆ ಹಾಗಲ್ಲ, ಗಟ್ಟಿ, ನಿಧಾನಕ್ಕೆ ಹಿಡಿದು ಗಂಟೆಗಟ್ಟಲೆ ಕೆಂಡ ಇಟ್ಕೊಂಡಿರುತ್ತೆ. ಸುಡೋ ಕಡ್ಡಿನೂ ಕಾಫೀದೇ. ಗಿಡದ ಬುಡದಲ್ಲಿ ನೆಟ್ಟಗೆ ಮೇಲೆ ಹೋಗೋ ಚಿಗುರು ಇರುತ್ತಲ್ಲ, ಹೆಂಗೂ ತೆಗೆದು ಬಿಸಾಕೋದು, ಅದನ್ನೇ ಮಾರುದ್ದ ಮುರಿದು ತುದಿ ಕೆತ್ತಿದ್ವಿ. ಹಸಿ ಕಡ್ಡಿ ಬೇಗ ಹೊತ್ತಲ್ಲ. ಸಿಕ್ಕಿದ ಗಿಡದ ಕಡ್ಡಿ ಮುರೀಬೇಡಿ ಅಂತ ಇಲ್ಲಿ ಓದೋರಿಗೂ ಹೇಳ್ತೀನಿ, ಕಣಗಲೆ ಅಂಥದ್ದು ವಿಷ, ಅದರ ತುದೀಲಿ ತಿಂಡಿ ಚುಚ್ಚಬಾರದು.

ಏಳೂವರೆಗೆ ಬೆಂಕಿ ಹಚ್ಚಿದ್ವಿ. ಮೊಬೈಲಲ್ಲಿ 13 ಡಿಗ್ರಿ ತೋರಿಸ್ತಿತ್ತು, ಹುಣ್ಣಿಮೆಗೆ ಎರಡೇ ದಿನ, ಪುಷ್ಪಗಿರಿ ಕಡೆ ಬೆಟ್ಟದ ಸಾಲು ಬೆಳದಿಂಗಳಲ್ಲಿ ನೀಲಿ ನೀಲಿ. ಉರಿ ಆಳೆತ್ತರ ಎದ್ದಿದ್ದೇ ತಡ ಮೇಷ್ಟ್ರು ಒಂದನ್ನ ಚುಚ್ಚಿ ಉರಿಯೊಳಗೇ ಹಿಡಿದ. ಭಗ್ ಅಂತ ಹತ್ತಿಕೊಳ್ತು. ಗಾಬರಿಯಲ್ಲಿ ಕಡ್ಡಿ ಬೀಸಿದ, ಉರಿಯೋ ಉಂಡೆ ಕಡ್ಡಿ ಬಿಟ್ಟು ಹಾರಿ ನನ್ನ ಕಾಲಿಂದ ಗೇಣು ದೂರ ಬಿತ್ತು. ಪುಟ್ಟಿ ಎದ್ದು ನಿಂತು ಬೈದ್ಲು ನೋಡಿ. ಕರಗಿದ ಸಕ್ಕರೆ ಚರ್ಮಕ್ಕೆ ಅಂಟಿದ್ರೆ ಜಾರಿ ಬೀಳಲ್ಲ, ಅಂಟಿದ ಜಾಗದಲ್ಲೇ ಸುಡ್ತಾ ಇರುತ್ತೆ, ಬಿಸಿನೀರಿಗಿಂತ ಕೆಟ್ಟದು, ಹತ್ತಿಕೊಂಡ್ರೆ ಮೆಲ್ಲಗೆ ಹತ್ತಿರ ತಂದು ಊದು, ಬೀಸಬೇಡ. ಮೈಮೇಲೆ ಬಿದ್ರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸು, ಪೇಸ್ಟು ಗೀಸ್ಟು ಬಳೀಬೇಡ.

"ಕೆಂಡ ಆಗೋವರೆಗೂ ಕಾಯ್ರೋ!" ಅಂತ ಸಾವ್ಕಾರ ಕಡ್ಡಿ ಎಲ್ಲಾ ಕಸ್ಕೊಂಡ.

ಕಾದ್ವಿ. ಒಂದೂವರೆ ಗಂಟೆ. ಮೊದ್ಲು ಕಾಫಿ ರೇಟು, ರೋಬಸ್ಟಾಗೆ ಇಷ್ಟು ರೇಟು ತಾನು ಯಾವತ್ತೂ ನೋಡಿಲ್ಲ, ಆದ್ರೆ ಕುಯ್ಯೋಕೆ ಆಳು ಸಿಗಲ್ಲ ಅಂತ ಸಾವ್ಕಾರ. ಆಮೇಲೆ ಪುಟ್ಟಿಯ ನೈಟ್ ಡ್ಯೂಟಿ. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ, ಆವಾಗ ಮೇಷ್ಟ್ರು ಶುರು ಮಾಡಿದ. ಅವರ ಮನೆ ಮಕ್ಕಂದೂರು ಕಡೆ ಇತ್ತು. 2018ರ ಆಗಸ್ಟಲ್ಲಿ ಗುಡ್ಡ ಜಾರಿದಾಗ ಮನೆನೂ ಹೋಯ್ತು ತೋಟಾನೂ ಹೋಯ್ತು, ಈಗ ಅಪ್ಪ ಅಮ್ಮ ಜಂಬೂರಲ್ಲಿ ಸರ್ಕಾರ ಕಟ್ಟಿಕೊಟ್ಟ ಮನೇಲಿದ್ದಾರೆ. ಇಷ್ಟು ನಮಗೆಲ್ಲಾ ಗೊತ್ತಿತ್ತು. ಗೊತ್ತಿಲ್ಲದ್ದು ಏನಂದ್ರೆ ಮನೆ ಬಿಟ್ಟು ಓಡಿದ ರಾತ್ರಿ ಅವನ ಅಮ್ಮ ಒಲೆ ಕೆಂಡಕ್ಕೆ ಬೂದಿ ಮುಚ್ಚಿ ಬಂದಿದ್ರಂತೆ, ಬೆಳಿಗ್ಗೆ ವಾಪಸ್ ಬಂದ್ಮೇಲೆ ಬೇಕಾಗುತ್ತೆ ಅಂತ. ಪರಿಹಾರ ಕೇಂದ್ರದಲ್ಲಿ ಮೂರು ದಿನ ಅದನ್ನೇ ಹೇಳ್ತಿದ್ರಂತೆ, ಒಲೆ ಆರಿ ಹೋಗಿರುತ್ತೆ, ಒಲೆ ಆರಿ ಹೋಗಿರುತ್ತೆ ಅಂತ. ಈಗ ಗ್ಯಾಸ್ ಇದೆ, ಆದ್ರೂ ಮನೆ ಹಿಂದೆ ಮೂರು ಕಲ್ಲಿಟ್ಟು ಸೌದೆ ಒಲೆ ಮಾಡ್ಕೊಂಡಿದ್ದಾರೆ ಅಂದ. ಆರು ವರ್ಷದಲ್ಲಿ ಒಂದ್ಸಲಾನೂ ನಾನು ಅವನನ್ನ ಆ ರಾತ್ರಿ ಬಗ್ಗೆ ಕೇಳಿರ್ಲಿಲ್ಲ. ಕೇಳಿದ್ರೆ ನೋವಾಗುತ್ತೆ ಅಂದ್ಕೊಂಡಿದ್ದೆ. ಸಾವ್ಕಾರ ಏನೂ ಹೇಳ್ದೆ ಅವನ ಕಡ್ಡಿ ವಾಪಸ್ ಕೊಟ್ಟ, "ಈಗ ಆಗಿದೆ, ಸುಡು".

ನಿಜವಾಗ್ಲೂ ಆಗಿತ್ತು. ಉರಿ ಇಲ್ಲ, ಹೊಗೆ ಇಲ್ಲ, ಮೇಲೆ ತೆಳ್ಳಗೆ ಬೂದಿ, ಒಳಗೆ ಕೆಂಪು. ಕೆಂಡದಿಂದ ಒಂದು ಗೇಣು ಮೇಲೆ ಹಿಡಿದು ಕಡ್ಡಿ ತಿರುಗಿಸ್ತಾನೇ ಇರಬೇಕು. ಮಾರ್ಷ್‌ಮ್ಯಾಲೋ ಅಂದ್ರೆ ಸಕ್ಕರೆ ಪಾಕದೊಳಗೆ ಗಾಳಿ ಕಡೆದು ಕೂರಿಸಿದ್ದು ಅಷ್ಟೇ, ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಉಬ್ಬುತ್ತೆ, ಹೊರಗಿನ ಸಕ್ಕರೆ ಮೊದ್ಲು ಹಳದಿ, ಆಮೇಲೆ ಜೇನಿನ ಬಣ್ಣ. ಅದನ್ನ ದಾಟಿದ್ರೆ ಕಹಿ. ಈ ಹಸಿರು ಚುಕ್ಕೆಯದ್ದು ಹಿಂದೆ ನಾನು ತಿಂದಿದ್ದಷ್ಟು ಉಬ್ಬಲಿಲ್ಲ, ಬೇಗ ಕಡ್ಡಿಯಿಂದ ಜಾರ್ತಿತ್ತು, ಅದಕ್ಕೆ ಇನ್ನೂ ಸ್ವಲ್ಪ ಮೇಲೆ ಹಿಡಿದು ನಿಧಾನ ಮಾಡಿದ್ವಿ, ಅಷ್ಟೇ, ರುಚಿಗೆ ಏನೂ ಕಮ್ಮಿ ಇಲ್ಲ. ಮೇಷ್ಟ್ರು ಎರಡನೇದು ಸುಟ್ಟಿದ್ದು ನೋಡ್ಬೇಕಿತ್ತು, ಸುತ್ತಲೂ ಒಂದೇ ಬಣ್ಣ.

ಒಂಬತ್ತೂವರೆಗೆ ಸಾವ್ಕಾರನ ಅಮ್ಮ ಶಾಲು ಹೊದ್ಕೊಂಡು ಗೆಣಸು ತಂದ್ರು ಕೆಂಡದಲ್ಲಿ ಹೂಳೋಕೆ. ಒಂದು ಮಾರ್ಷ್‌ಮ್ಯಾಲೋ ಕೈಲಿ ಹಿಡಿದು ಒತ್ತಿ ನೋಡಿ "ಮೊಟ್ಟೆ ಇದ್ಯೇನವ್ವ ಇದ್ರಲ್ಲಿ?" ಅಂದ್ರು. ಇಲ್ಲಮ್ಮ, ನಿಮಗೋಸ್ಕರಾನೇ ನೋಡಿ ತಂದಿದ್ದು ಅಂದ್ಲು ಪುಟ್ಟಿ. ಈ ಹೆಸರು ಒಂದು ಗಿಡದ್ದು, ನಮ್ಮ ದಾಸವಾಳ ಬೆಂಡೆ ಜಾತಿಗೇ ಸೇರಿದ್ದು, ಜೌಗು ನೆಲದಲ್ಲಿ ಬೆಳೆಯೋದು, ಮೊದ್ಲು ಅದರ ಬೇರಿನ ಲೋಳೆ ತೆಗೆದು ಕೆಮ್ಮಿಗೆ ಕೊಡ್ತಿದ್ರು, ಆಮೇಲೆ ಫ್ರಾನ್ಸಲ್ಲಿ ಆ ಲೋಳೆಗೆ ಸಕ್ಕರೆ ಹಾಕಿ ಕಡೆದು ಮಿಠಾಯಿ ಮಾಡಿದ್ರು, ಈಗಿನದ್ರಲ್ಲಿ ಆ ಬೇರೇ ಇಲ್ಲ ಅಂತ ನಾನು ಹೇಳ್ದೆ. ಅಮ್ಮನಿಗೆ ಅದು ತುಂಬಾ ಇಷ್ಟ ಆಯ್ತು. ದಾಸವಾಳದ ಎಲೆ ಲೋಳೆ ತಲೆಗೆ ಹಾಕ್ತೀವಲ್ಲ, ಹಂಗೇನಾ ಅಂದ್ರು. ಹಂಗೇ ಅಮ್ಮ.

ಅಮೆರಿಕದವ್ರು ಇದನ್ನ ಬಿಸ್ಕೆಟ್ಟು ಚಾಕೊಲೇಟ್ ನಡುವೆ ಇಟ್ಟು ಸ್ಮೋರ್ಸ್ ಅಂತ ತಿಂತಾರೆ, 1927ರಲ್ಲೇ ಅಲ್ಲಿನ ಗರ್ಲ್ ಸ್ಕೌಟ್ಸ್ ಪುಸ್ತಕದಲ್ಲಿ ಅಚ್ಚಾಗಿತ್ತು. ನಾವು ಮಾರಿ ಬಿಸ್ಕೆಟ್ಟು, ಮಡಿಕೇರಿ ಅಂಗಡಿಯ ಹೋಮ್‌ಮೇಡ್ ಚಾಕೊಲೇಟ್ ಇಟ್ಟು ಮಾಡಿದ್ವಿ. ಅಮ್ಮ ಎರಡು ತಿಂದ್ರು. ನಾವು ಗೆಣಸು ಬೆಲ್ಲ ತಿಂದ್ವಿ.

ಹನ್ನೊಂದೂವರೆಗೆ ಎದ್ವಿ. ನೀರು ಹಾಕಿ, ಕೋಲಲ್ಲಿ ಕೆದಕಿ, ಮತ್ತೆ ನೀರು, ಕೊನೆಗೆ ಅಂಗೈ ಹಿಂಭಾಗ ಬೂದಿ ಹತ್ತಿರ ತಂದು ಬಿಸಿ ಇಲ್ಲ ಅಂತ ಆದ್ಮೇಲೇ ಹೊರಟಿದ್ದು. ಕೊನೇ ಕೊಡ ನೀರು ಸುರಿದಿದ್ದು ಮೇಷ್ಟ್ರು. ಮುಂದಿನ ಸಲ ನಮ್ಮಮ್ಮನ್ನೂ ಕರ್ಕೊಂಡು ಬರ್ತೀನಿ ಅಂದ.

ಇವತ್ತು ಬೆಳಿಗ್ಗೆ ಮಂಜು ಬಿಡೋಕೆ ಮುಂಚೆ ಒಬ್ಬಳೇ ಹೋಗಿ ನೋಡಿದೆ. ಬೂದಿ ತಣ್ಣಗಿತ್ತು. ಬದು ಮೇಲೆ ಬಿಟ್ಟು ಬಂದಿದ್ದ ನಾಲ್ಕು ಕಡ್ಡಿಗಳ ತುದಿಗೂ ಕೆಂಪಿರುವೆ ಸಾಲು ಹತ್ತಿತ್ತು.