ಐದು ನಿಮಿಷ ಅಂದರೆ ಎಷ್ಟು?

ರಾಯಚೂರು, 4 ಮೇ 2025, ಭಾನುವಾರ

ಬೆಳಿಗ್ಗೆ ಹತ್ತಕ್ಕೇ ಕರೆಂಟ್ ಹೋಯಿತು. ಫೋನ್ ಮಾಡಿದೆ. "ಐದು ನಿಮಿಷ ರೀ" ಎಂದರು.

ಮೈಸೂರಿನಿಂದ ರಜೆಗೆ ಬಂದಿರುವ ತಂಗಿಯ ಮಗಳು ಏಳನೇ ಕ್ಲಾಸು. ನಮ್ಮ ಮಾತು ತಿಳಿಯಲ್ಲ ಅಂತ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಎಡಕ್ಕೆ ಪದ, ಬಲಕ್ಕೆ ಅರ್ಥ, ನಡುವೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ. ಉಳ್ಳಾಗಡ್ಡಿ: ಈರುಳ್ಳಿ. ಪುಠಾಣಿ: ಹುರಿಗಡಲೆ. ಧಗಿ: ಸೆಕೆ.

ಮೂರನೆಯದನ್ನು ನಾನು ಒಪ್ಪಲಿಲ್ಲ. ಸೆಕೆ ಅನ್ನೋದು ಮೈಸೂರಿನವರು ಫ್ಯಾನ್ ಎರಡರಲ್ಲಿಟ್ಟುಕೊಂಡು ಆಡುವ ಮಾತು. ಧಗಿ ಅಂದರೆ ಗೀಸರ್ ಇಲ್ಲದೇ ನಲ್ಲಿಯಲ್ಲಿ ಬಿಸಿನೀರು ಬರೋದು. ಹಾಗೇ ಬರಿ ಎಂದೆ. ಬರೆದಳು. ಅಲ್ಲಿಂದ ನನಗೆ ಚಟ ಹತ್ತಿತು.

ಕರೆಂಟ್: 1985ರಿಂದ ಪಕ್ಕದ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಹುಟ್ಟಿ, ನಮಗೆ ಕೈ ಬೀಸಿ ಊರು ದಾಟುವ ವಸ್ತು. ಎಂಟು ಘಟಕ, 1720 ಮೆಗಾವಾಟ್. ಬೂದಿ ಮಾತ್ರ ತವರು ಬಿಡಲ್ಲ.

ಮಿರ್ಚಿ: ಹೊರಗಿನ ಬಿಸಿಲು ಸಾಲದು ಅನ್ನಿಸಿದಾಗ ಮಂಡಕ್ಕಿ ಒಗ್ಗರಣಿ ಜೊತೆ ಒಳಗೆ ಹಾಕಿಕೊಳ್ಳುವ ಬೆಂಕಿ.

ಕಲ್ಯಾಣ: 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕಕ್ಕೆ ಸಿಕ್ಕ ಹೊಸ ಹೆಸರು. ಬೋರ್ಡ್ ಬರೆಯುವ ಪೇಂಟರಿಗಂತೂ ಆಯಿತು.

"ದೋಆಬ್ ನಂಗೆ ಗೊತ್ತು, ಪಾಠದಲ್ಲಿದೆ" ಎಂದಳು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವಿನ ನೆಲ. 1520ರಲ್ಲಿ ಕೃಷ್ಣದೇವರಾಯ ಆದಿಲ್‌ಶಾಹಿ ಸೈನ್ಯವನ್ನು ಸೋಲಿಸಿ ಇದನ್ನು ಗೆದ್ದ. ಎಲ್ಲ ಸರಿಯಾಗಿ ಹೇಳಿದಳು. ಅಷ್ಟರಲ್ಲಿ ಓಣಿಗೆ ನೀರಿನ ಟ್ಯಾಂಕರ್ ಬಂತು. ನನ್ನ ಹೆಂಡತಿ ಎರಡು ಕೊಡ ಹಿಡಿದು ಓಡಿದಳು. ಎದುರುಮನೆಯ ಅಜ್ಜಿ ಆಗಲೇ ಪೈಪು ಹಿಡಿದು ನಿಂತಿದ್ದರು, ಯಾರಿಗೂ ಕೊಡುವ ಲಕ್ಷಣ ಇರಲಿಲ್ಲ. ಹುಡುಗಿ ಕಿಟಕಿಯಿಂದ ಪೂರ್ತಿ ಯುದ್ಧ ನೋಡಿದಳು. ಆಮೇಲೆ ಒಳಗೆ ಬಂದು, ನನ್ನನ್ನು ಕೇಳದೇ ಬರೆದಳು. ದೋಆಬ್: ಎರಡು ನದಿ, ಒಂದು ಪೈಪು.

ಇಷ್ಟು ಚಿಕ್ಕದಾಗಿ ನನಗೆ ಬರೆಯಲು ಬರಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ.

ಸಾಹೇಬ್ರು, ಅಡ್ಜಸ್ಟ್, ನಾಳೆ ಬರ್ರಿ... ಇವು ಮೂರಕ್ಕೂ ಒಂದೇ ಅರ್ಥ ಅಂತ ಹೇಳಿ ಒಂದೇ ಸಾಲಿನಲ್ಲಿ ಮುಗಿಸಿದೆ.

ಕರೆಂಟ್ ಬಂದಾಗ ಅವಳು ಗಡಿಯಾರ ನೋಡಿದಳು. ಐದು ನಿಮಿಷ: 1 ಗಂಟೆ 40 ನಿಮಿಷ. ಅದರ ಕೆಳಗೆ ಎರಡು ಸಲ ಕೆಂಪು ಗೆರೆ ಎಳೆದಳು. ಇಷ್ಟು ಹೊತ್ತು ಸುಮ್ನೆ ಲೆಕ್ಕ ಹಾಕುತ್ತಿದ್ದಳು, ಕಳ್ಳಿ.

ಸಂಜೆ ತಂಗಿಯ ಫೋನ್. ರಜೆಯ ಹೋಂವರ್ಕ್ ಒಂದು ಪುಟವೂ ಆಗಿಲ್ಲವಂತೆ, ಈಗಲೇ ಕೂತು ಬರೆಸಬೇಕಂತೆ. ಫೋನ್ ಸ್ಪೀಕರಿನಲ್ಲಿತ್ತು. ಹುಡುಗಿ ಟಿವಿಯಿಂದ ಕಣ್ಣು ತೆಗೆಯದೇ ಕೂಗಿದಳು.

"ಐದು ನಿಮಿಷದಾಗ ಮಾಡ್ತೀನಿ ಅಂತ ಹೇಳ್ರಿ ಮಾಮಾ!"